ಕಾರಿನ ಸಾದಾ ಕೀಯನ್ನು ರಿಮೋಟ್ ಇರುವ ಮಡಚುವ ಕೀಯಾಗಿ ಬದಲಿಸಿಕೊಳ್ಳುವುದು: ಸಮಗ್ರ ಮಾರ್ಗದರ್ಶಿ

ನಮ್ಮ ಕಾರಿನ ಬಾಗಿಲು ತೆರೆಯಲು ಒಂದು ರಿಮೋಟ್, ಎಂಜಿನ್ ಚಾಲೂ ಮಾಡಲು ಒಂದು ಕೀ. ಕಂಪನಿ ಕೊಟ್ಟ ಕೀಯಲ್ಲಿ ಬಟನ್ ಇರಲಿಲ್ಲ. ಎಲ್ಲ ಬಾಗಿಲುಗಳಿಗೂ ಒಟ್ಟಿಗೆ ಬೀಗ ಹಾಕಿ ತೆಗೆಯುವ ಸೆಂಟರ್ ಲಾಕನ್ನು ಆಮೇಲೆ ದಾವಣಗೆರೆಯ ಅಂಗಡಿಯೊಂದರಲ್ಲಿ ನಾವೇ ಹಾಕಿಸಿದ್ದೆವು. ಮನೆಯ ಕೀಲಿ, ಸ್ಕೂಟರಿನ ಕೀಲಿ ಎಲ್ಲ ಸೇರಿ ಗೊಂಚಲು ಜೇಬು ಹರಿಯುವಷ್ಟು ಭಾರವಾಗಿತ್ತು. ಒಂದು ದಿನ ರಿಮೋಟಿನ ಪ್ಲಾಸ್ಟಿಕ್ ಕೊಂಡಿ ಮುರಿದು, ಮಂಡಿಪೇಟೆಯ ಜನಸಂದಣಿಯಲ್ಲಿ ಎಲ್ಲಿ ಬಿತ್ತೋ ತಿಳಿಯಲೇ ಇಲ್ಲ. ಹೇಗೂ ಹೊಸ ರಿಮೋಟ್ ಕೊಳ್ಳಲೇಬೇಕಿತ್ತು. ಹಾಗಿದ್ದರೆ ಎರಡನ್ನೂ ಒಂದೇ ಮಡಚುವ ಕೀಯೊಳಗೆ, ಅಂಗಡಿಯವರು ಫ್ಲಿಪ್ ಕೀ ಎನ್ನುತ್ತಾರಲ್ಲ, ಅದರೊಳಗೆ ಸೇರಿಸೋಣ ಎಂದು ಕೆಲಸಕ್ಕೆ ಕೈ ಹಾಕಿದೆ.

ಆಮೇಲೆ ಚಿತ್ರದುರ್ಗದ ಭಾವನ ಕಾರಿಗೂ ಒಂದು ಮಾಡಿಕೊಟ್ಟೆ. ಸಣ್ಣ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿರುವ ಯಾರಾದರೂ ಒಂದು ಭಾನುವಾರದ ಮಧ್ಯಾಹ್ನದಲ್ಲಿ ಮುಗಿಸಬಹುದಾದ ಕೆಲಸ ಇದು. ಆದರೆ ಕೀಯ ಹೊಟ್ಟೆಯೊಳಗೆ ಏನೇನಿದೆ ಎಂಬುದನ್ನು ತಿಳಿಯದೆ ಹೊರಟರೆ ಬಾಗಿಲೇನೋ ತೆರೆಯುತ್ತದೆ, ಕಾರು ಮಾತ್ರ ನಿಂತಲ್ಲಿಂದ ಅಲುಗುವುದಿಲ್ಲ. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಒಂದು ಕೀ, ಒಳಗೆ ಮೂರು ವಸ್ತು

ಮೊದಲನೆಯದು ಲೋಹದ ಅಲಗು. ಅದರ ಕೆಲಸ ಬೀಗದ ಒಳಗಿನ ಹಲ್ಲುಗಳನ್ನು ಸರಿಹೊಂದಿಸಿ ತಿರುಗಿಸುವುದು ಮಾತ್ರ. ಎರಡನೆಯದು ರಿಮೋಟಿನ ಹಸಿರು ಹಲಗೆ, ಅಂದರೆ ಸರ್ಕ್ಯೂಟ್ ಬೋರ್ಡ್. ಬಟನ್ ಒತ್ತಿದಾಗ ಇದು ಗಾಳಿಯಲ್ಲಿ ಸಂಕೇತ ಕಳಿಸುತ್ತದೆ. ನಮ್ಮಲ್ಲಿ ಸಿಗುವ ಬಹುಪಾಲು ರಿಮೋಟುಗಳು 433.92 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಇದಕ್ಕೆ ಬಟನ್ ಸೆಲ್ ಬೇಕು.

ಮೂರನೆಯದು ಚಿಪ್. ಎಡವಟ್ಟಾಗುವುದೆಲ್ಲ ಇಲ್ಲಿಯೇ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಬಿಲ್ಲೆಯಂತೆಯೋ, ಸಣ್ಣ ಗಾಜಿನ ಕೊಳವೆಯಂತೆಯೋ ಇರುವ ಇದಕ್ಕೆ ಸೆಲ್ ಬೇಡ, ಬಟನ್ ಬೇಡ. ಇಗ್ನಿಷನ್ ಬೀಗದ ಬಾಯಿಯ ಸುತ್ತ ಒಂದು ತಂತಿಯ ಸುರುಳಿ ಇರುತ್ತದೆ. ಕೀ ತಿರುಗಿಸಿದಾಗ ಆ ಸುರುಳಿ ಚಿಪ್‌ಗೆ ವಿದ್ಯುತ್ತನ್ನು ತಾನೇ ತುಂಬಿ, "ನೀನು ನನ್ನವನೇ?" ಎಂದು ಕೇಳುತ್ತದೆ. ಸರಿಯಾದ ಉತ್ತರ ಬಂದರೆ ಎಂಜಿನ್ನಿಗೆ ಅಪ್ಪಣೆ, ಇಲ್ಲವಾದರೆ ಇಲ್ಲ. ಇದಕ್ಕೇ ಇಮ್ಮೊಬಿಲೈಜರ್ ಎನ್ನುತ್ತಾರೆ. ಸುರುಳಿಗೂ ಚಿಪ್‌ಗೂ ನಡುವಿನ ಮಾತುಕತೆ ಕೆಲವೇ ಸೆಂಟಿಮೀಟರ್ ದೂರದಲ್ಲಿ ನಡೆಯುವಂಥದ್ದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೆಲವು ಕೀಗಳಲ್ಲಿ ಚಿಪ್ ಬೇರೆಯಾಗಿ ಇರುವುದಿಲ್ಲ. ರಿಮೋಟಿನ ಹಲಗೆಯ ಮೇಲೆಯೇ ಬೆಸುಗೆ ಹಾಕಿರುತ್ತಾರೆ. ಅಂಥ ಕೀಯಲ್ಲಿ ಹಲಗೆಯನ್ನು ಎತ್ತಿಟ್ಟರೆ ಚಿಪ್ಪೂ ಅದರೊಡನೆ ಹೋಗುತ್ತದೆ.

ನಿಮ್ಮ ಕಾರಿನ ಕೀಯಲ್ಲಿ ಚಿಪ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಇಗ್ನಿಷನ್ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರದ ದೀಪ ಒಂದೆರಡು ಕ್ಷಣ ಉರಿದು ಆರಿದರೆ ಇದೆ ಎಂದರ್ಥ. ಇನ್ನೂ ಖಾತ್ರಿ ಬೇಕಿದ್ದರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಕೀಯ ತಲೆಗೆ ಐದಾರು ಸುತ್ತು ಬಿಗಿಯಾಗಿ ಸುತ್ತಿ ಎಂಜಿನ್ ಚಾಲೂ ಮಾಡಿ ನೋಡಿ. ಚಿಪ್ ಇರುವ ಕಾರು ಸಾಮಾನ್ಯವಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿಕೊಂಡರೂ ಎರಡು ಕ್ಷಣದಲ್ಲಿ ಆರಿಹೋಗುತ್ತದೆ. ಹಾಳೆ ತೆಗೆದರೆ ಎಲ್ಲ ಮೊದಲಿನಂತೆ. ಚಿಪ್ ಇಲ್ಲದ ಹಳೆಯ ಕಾರು ಅಥವಾ ಸ್ಕೂಟರ್ ಆಗಿದ್ದರೆ ನೀವು ಅದೃಷ್ಟವಂತರು. ಅಲಗು ಕತ್ತರಿಸಿದರೆ ಮುಕ್ಕಾಲು ಕೆಲಸ ಮುಗಿಯಿತು.

ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡುವ ಕಾರುಗಳ ಸ್ಮಾರ್ಟ್ ಕೀಯ ವಿಷಯ ಬೇರೆ. ಅದಕ್ಕೆ ಈ ವಿಧಾನ ಹೊಂದುವುದಿಲ್ಲ.

ಕೈ ಹಾಕುವ ಮುನ್ನ

ಕಾರಿನ ಜೊತೆ ಎರಡು ಕೀ ಬಂದಿರುತ್ತವೆ. ಒಂದನ್ನು ಮಾತ್ರ ಬಿಚ್ಚಿ. ಇನ್ನೊಂದು, ಚೆನ್ನಾಗಿ ಕೆಲಸ ಮಾಡುವ ಕೀ, ಇಡಿಯಾಗಿ ಕಬಾಟಿನಲ್ಲಿ ಇರಲಿ. ನಿಮ್ಮಲ್ಲಿ ಉಳಿದಿರುವುದು ಒಂದೇ ಕೀ ಆದರೆ, ದಯವಿಟ್ಟು ಮೊದಲು ಸರ್ವಿಸ್ ಸೆಂಟರಿನಲ್ಲಿ ಅಥವಾ ಚಿಪ್ ಕೀ ಮಾಡುವವರ ಬಳಿ ಎರಡನೆಯದನ್ನು ಮಾಡಿಸಿಕೊಳ್ಳಿ. ಒಂದೇ ಕೀಯ ಚಿಪ್ ಒಡೆದರೆ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುವ ಪಾಡು ಬರುತ್ತದೆ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಕಾರು ಕಳುವಾಗಿ ವಿಮೆ ಹಣ ಕೇಳಿದಾಗ ವಿಮಾ ಕಂಪನಿಯವರು ಮೂಲ ಕೀಗಳೆರಡನ್ನೂ ಕೇಳುತ್ತಾರೆ. ಆದ್ದರಿಂದ ಬಿಚ್ಚಿದ ಕೀಯ ತಲೆ, ಅಲಗು, ಜೊತೆಗೆ ಬಂದ ಕೀ ನಂಬರಿನ ಸಣ್ಣ ತಗಡು, ಒಂದನ್ನೂ ಎಸೆಯಬೇಡಿ. ಮೂಲ ಕೀಯನ್ನು ಮುಟ್ಟಲು ಮನಸ್ಸೇ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಹಳೆಯ ಬಗೆಯ ಹಲವು ಚಿಪ್‌ಗಳನ್ನು ಯಂತ್ರದಲ್ಲಿ ನಕಲು ಮಾಡಿ ಹೊಸ ಚಿಪ್ ಕೊಡುವವರಿದ್ದಾರೆ. ಖರ್ಚು ಸ್ವಲ್ಪ ಹೆಚ್ಚು, ಆದರೆ ಮೂಲ ಕೀಗಳೆರಡೂ ಹಾಗೆಯೇ ಉಳಿಯುತ್ತವೆ. ನನಗೆ ಕೇಳಿದರೆ ಇದೇ ಉತ್ತಮ ದಾರಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ: ಸಣ್ಣ ಸ್ಕ್ರೂಡ್ರೈವರುಗಳು, ಹೊಸ ಬ್ಲೇಡ್, ಸಣ್ಣ ಸುತ್ತಿಗೆ, ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಪಂಚ್ (ತುದಿ ಚಪ್ಪಟೆಯಾಗಿ ಉಜ್ಜಿದ ಗಟ್ಟಿ ಮೊಳೆಯೂ ನಡೆಯುತ್ತದೆ), ಸ್ವಲ್ಪ ಸಿಲಿಕೋನ್ ಸೀಲೆಂಟ್, ಫೆವಿಕ್ವಿಕ್, ಒಂದು ಹಳೆಯ ಟವೆಲ್. ಟವೆಲ್ ಏಕೆಂದು ಸ್ಪ್ರಿಂಗಿನ ಹತ್ತಿರ ಬಂದಾಗ ಹೇಳುತ್ತೇನೆ.

ಕವಚ ಮತ್ತು ರಿಮೋಟ್ ಆರಿಸುವುದು

ನಿಮ್ಮ ಮೂಲ ಕೀಯಲ್ಲಿಯೇ ಬಟನ್‌ಗಳಿದ್ದು, ಅದನ್ನು ಮಡಚುವ ಕೀಯಾಗಿಸಬೇಕೆಂದಿದ್ದರೆ ಖಾಲಿ ಕವಚ ಸಾಕು. ಒಳಗೆ ಏನೂ ಇಲ್ಲದ ಇಂಥ ಕವಚಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಹಳೆಯ ಹಲಗೆಯನ್ನೂ ಚಿಪ್ಪನ್ನೂ ಅದರೊಳಗೆ ಕೂರಿಸಿದರೆ ಯಾವ ಪ್ರೋಗ್ರಾಮಿಂಗ್ ಕೂಡ ಬೇಡ. ಕಾರಿನ ಲೆಕ್ಕದಲ್ಲಿ ಅದು ಹಳೆಯ ಕೀಯೇ, ಅಂಗಿ ಮಾತ್ರ ಹೊಸದು. ಕೊಳ್ಳುವಾಗ ಹಲಗೆಯ ಆಕಾರ, ಬಟನ್‌ಗಳ ಸಂಖ್ಯೆ, ಸೆಲ್ಲಿನ ಅಳತೆ ಮೂರನ್ನೂ ಹೋಲಿಸಿ. ಸಿಆರ್ 2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್ 1620 ಎಂದರೆ 16 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ನಮ್ಮಂತೆ ಹೊರಗಿನಿಂದ ಸೆಂಟರ್ ಲಾಕ್ ಹಾಕಿಸಿದವರು ಆ ಸೆಂಟರ್ ಲಾಕಿನ ಪೆಟ್ಟಿಗೆಗೆ ಹೊಂದುವ ಫ್ಲಿಪ್ ಕೀ ರಿಮೋಟನ್ನೇ ಕೊಳ್ಳಬೇಕು. ಎರಡೂ 433 ಎಂದ ಮಾತ್ರಕ್ಕೆ ಹೊಂದಿಕೊಳ್ಳುತ್ತವೆ ಎಂದು ನಂಬಬೇಡಿ. ಅಲೆ ಒಂದೇ ಆದರೂ ಮಾತನಾಡುವ ಭಾಷೆ ಬೇರೆ ಇರಬಹುದು. ಸ್ಟೀರಿಂಗಿನ ಕೆಳಗೆ ಅಥವಾ ಕಾಲಿಡುವ ಜಾಗದ ಪಕ್ಕದ ಹಲಗೆಯ ಹಿಂದೆ ಆ ಪೆಟ್ಟಿಗೆ ಇರುತ್ತದೆ. ಅದರ ಮೇಲಿನ ಹೆಸರು, ಮಾದರಿ ಸಂಖ್ಯೆಯ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ.

ಮೂರನೆಯದಾಗಿ ಅಲಗು. ಕವಚದೊಡನೆ ಬರುವ ಕತ್ತರಿಸದ ಅಲಗಿನ ಉದ್ದನೆಯ ತೋಡುಗಳು, ದಪ್ಪ, ಅಗಲ ನಿಮ್ಮ ಕೀಯಂತೆಯೇ ಇರಬೇಕು. ಎರಡನ್ನೂ ಒಟ್ಟಿಗೆ ಹಿಡಿದು ತುದಿಯಿಂದ ನೋಡಿದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಅಲಗು ಕತ್ತರಿಸುವುದು

ಇದೊಂದನ್ನು ಮನೆಯಲ್ಲಿ ಮಾಡಬೇಡಿ. ಅರದಿಂದ ಉಜ್ಜಿ ಮಾಡಿದ ಕೀ ಇಂದು ತಿರುಗಬಹುದು, ಆದರೆ ಇಗ್ನಿಷನ್ ಬೀಗವನ್ನು ಒಳಗೊಳಗೇ ತಿಂದುಹಾಕುತ್ತದೆ. ಅಂಚಿನಲ್ಲಿ ಹಲ್ಲುಗಳಿರುವ ಕೀಯನ್ನು ಡೂಪ್ಲಿಕೇಟ್ ಕೀ ಮಾಡುವ ಯಾವ ಯಂತ್ರದಲ್ಲಾದರೂ ಕತ್ತರಿಸಬಹುದು. ಅಂಚು ನೇರವಾಗಿದ್ದು, ಮೈಮೇಲೆ ಹಾವು ಹರಿದಂತೆ ತೋಡು ಕೊರೆದಿರುವ ಕೀಗೆ ಬೇರೆಯದೇ ಯಂತ್ರ ಬೇಕು. ಅದು ಎಲ್ಲರ ಬಳಿಯೂ ಇರುವುದಿಲ್ಲ.

ನಾನು ಹೋದ ಕೀ ಮಾಡುವವರು ನನ್ನ ಕೀಯನ್ನು ಕೈಯಲ್ಲಿ ತೂಗಿ ನೋಡಿ, "ಅಣ್ಣಾ, ಇದರೊಳಗೆ ಚಿಪ್ ಇದೆ. ಬರೀ ಕೀ ಕತ್ತರಿಸಿಕೊಟ್ಟರೆ ಗಾಡಿ ಚಾಲೂ ಆಗುವುದಿಲ್ಲ" ಎಂದು ಅವರೇ ಮೊದಲು ಎಚ್ಚರಿಸಿದರು. ಆಮೇಲೆ ಆರ್‌ಸಿ ಕೇಳಿದರು. ಆರ್‌ಸಿ ಕೇಳುವವರ ಬಳಿಯೇ ಕತ್ತರಿಸಿ. ನಿಮ್ಮ ಕಾರಿನ ಕೀಯನ್ನು ಇನ್ನೊಬ್ಬ ತಂದರೆ ಅವರು ಕೇಳದೆ ಬಿಡುವುದಿಲ್ಲ ಎಂಬ ಭರವಸೆ ಅದರಲ್ಲಿದೆ.

ಮಾದರಿಗೆ ಕಡಿಮೆ ಸವೆದ ಕೀಯನ್ನು ಕೊಡಿ. ದಿನವೂ ಬಳಸಿ ಹಲ್ಲು ಸವೆದ ಕೀಯಿಂದ ಕತ್ತರಿಸಿದರೆ ಆ ಸವೆತವೂ ನಕಲಾಗುತ್ತದೆ. ನಕಲಿನ ನಕಲಂತೂ ಬೇಡವೇ ಬೇಡ. ಕತ್ತರಿಸಿದ ಅಲಗಿನ ಅಂಚಿನಲ್ಲಿ ಉಗುರಿಗೆ ತಾಗುವ ಸಣ್ಣ ಮುಳ್ಳುಗಳಿರುತ್ತವೆ, ಅವನ್ನು ತೆಗೆಸಿ. ಮೊದಲು ಬಾಗಿಲಿಗೆ, ಬಳಿಕ ಇಗ್ನಿಷನ್‌ಗೆ ಹಾಕಿ ತಿರುಗಿಸಿ ನೋಡಿ. ತಡೆದರೆ ಬಲ ಹಾಕದೆ ಅಲ್ಲಿಯೇ ಮತ್ತೊಮ್ಮೆ ಸರಿಮಾಡಿಸಿ. ಬೀಗಕ್ಕೆ ಎಣ್ಣೆ ಬಿಡುವ ಅಭ್ಯಾಸ ಕೆಲವರಿಗಿದೆ. ಎಣ್ಣೆ ನಮ್ಮ ಸೀಮೆಯ ದೂಳನ್ನೆಲ್ಲ ಹಿಡಿದು ಕೆಸರಾಗುತ್ತದೆ. ಪೆನ್ಸಿಲಿನ ಸೀಸದ ಪುಡಿಯನ್ನು ಅಲಗಿಗೆ ಸವರಿ ನಾಲ್ಕು ಸಲ ಆಡಿಸಿದರೆ ಸಾಕು.

ಹಳೆಯ ಕೀಯಿಂದ ಚಿಪ್ ತೆಗೆಯುವುದು

ನಿಧಾನವಾಗಿ ಮಾಡಬೇಕಾದ ಕೆಲಸ ಇದೊಂದೇ. ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ಕುಳಿತುಕೊಳ್ಳಿ.

ಮೊದಲು ಕೀಯ ತಲೆಯ ಅಂಚನ್ನು ಚೆನ್ನಾಗಿ ನೋಡಿ. ಕೆಲವು ಕೀಗಳಲ್ಲಿ ಒಂದು ಸಣ್ಣ ಬಿರಡೆ ಅಥವಾ ಜೋಡಣೆಯ ಗೆರೆ ಇರುತ್ತದೆ. ಅಲ್ಲಿಗೆ ಬ್ಲೇಡ್ ಹಾಕಿ ಮೀಟಿದರೆ ತಲೆ ತೆರೆದುಕೊಂಡು ಚಿಪ್ ಕಾಣುತ್ತದೆ. ಗೆರೆ ಇಲ್ಲದೆ ಇಡೀ ತಲೆ ಒಂದೇ ಎರಕವಾಗಿದ್ದರೆ ಪ್ಲಾಸ್ಟಿಕ್ಕನ್ನು ಸಿಪ್ಪೆ ಸುಲಿದಂತೆ ತೆಳುವಾಗಿ ಕೆತ್ತಬೇಕು. ಸಾಮಾನ್ಯವಾಗಿ ಚಿಪ್ ಅಲಗು ತಲೆಯನ್ನು ಸೇರುವ ಜಾಗದ ಹತ್ತಿರ, ಒಂದು ಪಕ್ಕಕ್ಕೆ ಇರುತ್ತದೆ. ಒಂದೇ ಸಲಕ್ಕೆ ಆಳಕ್ಕೆ ಇಳಿಯಬೇಡಿ. ನಾನು ಕೆತ್ತಿದ ಕೀಯಲ್ಲಿ ಹತ್ತು ಹನ್ನೆರಡು ಪದರ ತೆಗೆದ ಮೇಲೆ, ಹೊಳೆಯುವ ಪ್ಲಾಸ್ಟಿಕ್ಕಿನ ನಡುವೆ ಹೊಳಪಿಲ್ಲದ ಕಪ್ಪು ಅಂಚೊಂದು ಕಂಡಿತು, ಅದೇ ಚಿಪ್. ಅದರ ನೆತ್ತಿಯ ಮೇಲೆ ಬ್ಲೇಡ್ ಇಡದೆ ಸುತ್ತಲೂ ಬಿಡಿಸಿಕೊಂಡು ಹೋದೆ. ಕೊನೆಗೆ ಮರದ ಹಲ್ಲುಕಡ್ಡಿಯಿಂದ ಹಿಂದಿನಿಂದ ತಳ್ಳಿದಾಗ ಅಂಗೈಗೆ ಬಿತ್ತು: ಸುಮಾರು 12 ಮಿಲಿಮೀಟರ್ ಉದ್ದ, 6 ಮಿಲಿಮೀಟರ್ ಅಗಲ.

ಬೆಂಕಿಕಡ್ಡಿ, ಲೈಟರ್, ಬಿಸಿ ಮಾಡಿದ ಚಾಕು ಇವುಗಳನ್ನು ಹತ್ತಿರ ತರಬೇಡಿ. ಇಕ್ಕಳದಿಂದ ಹಿಂಡಿ ಎಳೆಯಬೇಡಿ. ಗಾಜಿನ ಕೊಳವೆಯ ಚಿಪ್ ಆಗಿದ್ದರೆ ಇನ್ನೂ ನಾಜೂಕು. ಬಿರುಕು ಬಿಟ್ಟರೆ ಮುಗಿಯಿತು.

ತೆಗೆದ ಕೂಡಲೇ ಒಂದು ಪರೀಕ್ಷೆ ಮಾಡಿ. ಹೊಸ ಅಲಗನ್ನು ಇಗ್ನಿಷನ್‌ಗೆ ಹಾಕಿ, ಚಿಪ್ಪನ್ನು ಬೀಗದ ಬಾಯಿಗೆ ತಾಗಿಸಿ ಬೆರಳಲ್ಲಿ ಹಿಡಿದು ಎಂಜಿನ್ ಚಾಲೂ ಮಾಡಿ. ಚಾಲೂ ಆದರೆ ಚಿಪ್ ಕ್ಷೇಮ.

ಜೋಡಿಸುವುದು

ಹೆಚ್ಚಿನ ಕವಚಗಳಲ್ಲಿ ಅಲಗಿನ ಬುಡವು ಮಡಚುವ ತಲೆಯ ಸೀಳಿನೊಳಗೆ ಕೂತು, ಅಡ್ಡಲಾಗಿ ಒಂದು ಪಿನ್ ಅದನ್ನು ಹಿಡಿದಿರುತ್ತದೆ. ಅಲಗನ್ನು ಸೀಳಿಗೆ ತಳ್ಳಿ ಎರಡರ ತೂತೂ ನೇರವಾಗುವಂತೆ ನೋಡಿ. ಬೆಳಕಿಗೆ ಹಿಡಿದರೆ ತೂತಿನಿಂದ ಆಚೆ ಕಾಣಬೇಕು. ತಲೆಯ ಕೆಳಗೆ ಮರದ ತುಂಡು ಇಟ್ಟು, ಪಿನ್ನನ್ನು ಸುತ್ತಿಗೆಯಿಂದ ಹಗುರವಾಗಿ ಹೊಡೆಯಿರಿ, ಕೊನೆಯ ಒಂದು ಮಿಲಿಮೀಟರನ್ನು ಪಂಚ್‌ನಿಂದ ಒಳಗೆ ಕಳಿಸಿ. ಎರಡೂ ಕಡೆ ಪಿನ್ನಿನ ತುದಿ ಮೈಮಟ್ಟಕ್ಕೆ ಇರಬೇಕು. ಕೂದಲೆಳೆಯಷ್ಟು ಹೊರಗಿದ್ದರೂ ಮಡಚುವಾಗ ಕವಚಕ್ಕೆ ಉಜ್ಜಿ ಅರ್ಧಕ್ಕೆ ನಿಲ್ಲುತ್ತದೆ.

ಈಗ ಟವೆಲಿನ ಸರದಿ. ಕೀಯನ್ನು ಹೊರಗೆ ಚಿಮ್ಮಿಸುವ ಸ್ಪ್ರಿಂಗ್ ಬಿಚ್ಚಿ ಬಂದಿದ್ದರೆ ಅದನ್ನು ತಿರುಚಿ ಕೂರಿಸಬೇಕಾಗುತ್ತದೆ, ಕೈ ತಪ್ಪಿದರೆ ಅದು ಎಲ್ಲಿ ಹಾರುತ್ತದೆಂದು ಹೇಳಲಾಗದು. ಮಡಿಲಲ್ಲಿ ಟವೆಲ್ ಹಾಸಿಕೊಂಡು ಮಾಡಿ. ಸ್ಪ್ರಿಂಗಿನ ಒಂದು ಕಾಲನ್ನು ಬಟನ್ನಿನ ಗೂಟದಲ್ಲಿ, ಇನ್ನೊಂದನ್ನು ಮಡಚುವ ತಲೆಯ ತೂತಿನಲ್ಲಿ ಇರಿಸಿ, ಅಲಗು ತೆರೆಯುವ ದಿಕ್ಕಿಗೆ ವಿರುದ್ಧವಾಗಿ ಸುಮಾರು ಒಂದು ಸುತ್ತು ತಿರುಚಿ ಕವಚದ ತೋಡಿಗೆ ಒತ್ತಿ ಹಿಡಿಯಿರಿ. ಬಟನ್ ಒತ್ತಿದಾಗ ಅಲಗು ಸೋಮಾರಿಯಂತೆ ಅರ್ಧಕ್ಕೆ ಬಂದು ನಿಂತರೆ ಇನ್ನರ್ಧ ಸುತ್ತು ಬೇಕು. ಅಂಗಡಿಯಲ್ಲಿ ಕೇಳುವಾಗಲೇ ಸ್ಪ್ರಿಂಗ್ ಜೋಡಿಸಿ ಬಂದಿರುವ ಕವಚವನ್ನೇ ಕೇಳಿದರೆ ಈ ಸರ್ಕಸ್ಸೇ ಬೇಡ.

ಹಲಗೆಯನ್ನು ಮುಟ್ಟುವ ಮೊದಲು ಯಾವುದಾದರೂ ಕಬ್ಬಿಣವನ್ನು, ಕಿಟಕಿಯ ಸರಳಾದರೂ ಸರಿ, ಒಮ್ಮೆ ಮುಟ್ಟಿ. ಹಲಗೆಯನ್ನು ಅಂಚಿನಲ್ಲಿ ಹಿಡಿದು ಕೂರಿಸಿ. ರಬ್ಬರ್ ಬಟನ್‌ಗಳು ಹಲಗೆಯ ಬಟನ್‌ಗಳ ಮೇಲೆ ನೇರವಾಗಿ ಬರಬೇಕು. ಸೆಲ್ಲಿನ ಕೂಡುವ ಗುರುತು ಯಾವ ಕಡೆಗೆಂದು ಹಳೆಯದನ್ನು ತೆಗೆಯುವ ಮುನ್ನವೇ ಫೋಟೊ ತೆಗೆದಿಟ್ಟುಕೊಳ್ಳಿ.

ಚಿಪ್ ಎಲ್ಲಿ ಇಡಬೇಕು ಎಂಬುದನ್ನು ನಾನು ಕಲಿತದ್ದು ಚಿತ್ರದುರ್ಗದಲ್ಲಿ. ಮೊದಲ ಸಲ ಎರಡು ಬದಿಯ ಅಂಟುಪಟ್ಟಿಯಿಂದ ಚಿಪ್ಪನ್ನು ಅಂಟಿಸಿ ಮುಚ್ಚಿದ್ದೆ. ಎರಡು ವಾರ ಏನೂ ಆಗಲಿಲ್ಲ. ಏಪ್ರಿಲಿನಲ್ಲಿ ಅಕ್ಕನ ಮಕ್ಕಳನ್ನು ಕೋಟೆ ತೋರಿಸಲು ಕರೆದುಕೊಂಡು ಹೋದೆವು. ಅಂದು ನಮ್ಮ ಕೀಯನ್ನು ಕಾರಿನೊಳಗೇ, ಹುಡುಗಿಯೊಬ್ಬಳ ಚೀಲದಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು, ಬಾಗಿಲ ಬಳಿ ಭಾವನನ್ನು ಕೂರಿಸಿ ಮೇಲೆ ಹತ್ತಿದೆವು. ಒನಕೆ ಓಬವ್ವನ ಕಿಂಡಿ ನೋಡಿ ಇಳಿದು ಬರುವಷ್ಟರಲ್ಲಿ ಬಂಡೆಗಳ ಕಾವಿಗೆ ಕಾರು ಒಲೆಯಾಗಿತ್ತು. ಕೀ ತಿರುಗಿಸಿದೆ, ಎಂಜಿನ್ ಹೊತ್ತಿಕೊಂಡಿತು, ಎರಡು ಕ್ಷಣದಲ್ಲಿ ಆರಿತು. ಮತ್ತೆ ತಿರುಗಿಸಿದೆ, ಮತ್ತೆ ಆರಿತು. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿತ್ತು. ಇನ್ನೊಂದು ಕೀ ಸುಮಾರು 60 ಕಿಲೋಮೀಟರ್ ದೂರದ ದಾವಣಗೆರೆಯ ಕಬಾಟಿನಲ್ಲಿ.

ದೀಪ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ನಾಣ್ಯದ ಅಂಚಿನಿಂದ ಕವಚ ಬಿಚ್ಚಿದೆ. ಬಿಸಿಗೆ ಅಂಟು ಜಿನುಗಿ, ಚಿಪ್ ಅಲಗಿನ ಬುಡದಿಂದ ಜಾರಿ ಕವಚದ ಬಾಲದ ತುದಿಗೆ ಹೋಗಿ ಸೇರಿತ್ತು. ಅಷ್ಟು ದೂರಕ್ಕೆ ಸುರುಳಿಯ ಮಾತು ಕೇಳಿಸುವುದಿಲ್ಲ. ಚಿಪ್ಪನ್ನು ಹೆಬ್ಬೆರಳಿನಿಂದ ಬೀಗದ ಬಾಯಿಗೆ ಒತ್ತಿ ಹಿಡಿದು ಕೀ ತಿರುಗಿಸಿದೆ, ಎಂಜಿನ್ ಈ ಸಲ ಆರದೆ ಗಟ್ಟಿಯಾಗಿ ಓಡತೊಡಗಿತು. ಚಿಪ್ಪಿನ ಪರೀಕ್ಷೆ ನಡೆಯುವುದು ಚಾಲೂ ಮಾಡುವ ಹೊತ್ತಿಗೆ ಮಾತ್ರ. ಒಮ್ಮೆ ಒಪ್ಪಿಗೆ ಸಿಕ್ಕರೆ ಮತ್ತೆ ಕೇಳುವುದಿಲ್ಲ. ಹಾಗಾಗಿ ಮನೆಯವರೆಗೆ ನಿಲ್ಲಿಸದೆ ಬಂದೆವು.

ಆದ್ದರಿಂದ ಚಿಪ್ಪನ್ನು ಅಲಗಿನ ಬುಡಕ್ಕೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ಇರಿಸಿ. ಒಳ್ಳೆಯ ಕವಚದಲ್ಲಿ ಅದಕ್ಕೆಂದೇ ಒಂದು ಗೂಡು ಇರುತ್ತದೆ. ಗೂಡಿನಲ್ಲಿ ಚಿಪ್ ಅಲ್ಲಾಡುತ್ತಿದ್ದರೆ ಸಾಸಿವೆ ಕಾಳಿನಷ್ಟು ಸಿಲಿಕೋನ್ ಸೀಲೆಂಟ್ ಹಾಕಿ ಒಂದು ರಾತ್ರಿ ಒಣಗಲು ಬಿಡಿ. ಅದು ಬಿಸಿಲಿಗೆ ಕರಗುವುದಿಲ್ಲ, ಬೇಕೆಂದಾಗ ಉಗುರಿನಿಂದ ಕಿತ್ತು ತೆಗೆಯಬಹುದು. ಅಂಟುಪಟ್ಟಿ, ಬಿಸಿ ಅಂಟಿನ ಕಡ್ಡಿ ಎರಡೂ ನಮ್ಮ ಬೇಸಿಗೆಗೆ ಹೇಳಿದ್ದಲ್ಲ.

ರಿಮೋಟನ್ನು ಕಾರಿಗೆ ಪರಿಚಯಿಸುವುದು

ಹಳೆಯ ಹಲಗೆಯನ್ನೇ ಹಾಕಿದವರು ಇದನ್ನು ಬಿಟ್ಟು ಮುಂದೆ ಹೋಗಿ. ಹೊಸ ರಿಮೋಟ್ ಕೊಂಡವರು ಅದರೊಡನೆ ಬಂದ ಚೀಟಿಯನ್ನು ಅಕ್ಷರಶಃ ಪಾಲಿಸಬೇಕು, ಏಕೆಂದರೆ ಒಂದೊಂದು ಕಂಪನಿಯ ಕ್ರಮ ಒಂದೊಂದು. ಸಾಮಾನ್ಯವಾಗಿ ಇಗ್ನಿಷನ್ ಆನ್ ಮಾಡಿ, ಪೆಟ್ಟಿಗೆಯ ಸಣ್ಣ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ, ಬಳಿಕ ರಿಮೋಟಿನ ಬಟನ್ ಒತ್ತುವುದಿರುತ್ತದೆ. ಹಲವು ಪೆಟ್ಟಿಗೆಗಳು ಹೊಸ ರಿಮೋಟ್ ಕಲಿಯುವಾಗ ಹಳೆಯದನ್ನು ಮರೆತುಬಿಡುತ್ತವೆ. ಆದ್ದರಿಂದ ಮನೆಯಲ್ಲಿರುವ ರಿಮೋಟುಗಳನ್ನೆಲ್ಲ ಒಂದೇ ಸಲಕ್ಕೆ ಕಲಿಸಿ. ಕಳೆದುಹೋದ ರಿಮೋಟ್ ಯಾರ ಕೈಗಾದರೂ ಸಿಕ್ಕಿದ್ದರೆ ಎಂಬ ನನ್ನ ಆತಂಕವೂ ಇದರಿಂದಲೇ ಕಳೆಯಿತು.

ಅಂಟು ಹಾಕುವ ಮುನ್ನ

ಕವಚವನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಪರೀಕ್ಷಿಸಿ. ಕಾರಿನ ಒಂದು ಗಾಜು ಇಳಿಸಿರಲಿ, ಇಡಿಯಾದ ಕೀ ಜೇಬಿನಲ್ಲಿರಲಿ. ಹೊರಗಿನಿಂದ ಹಾಕಿಸಿದ ಕೆಲವು ಸೆಂಟರ್ ಲಾಕುಗಳು ತೆರೆದ ಮೇಲೆ ಅರ್ಧ ನಿಮಿಷ ಬಾಗಿಲು ತೆಗೆಯದಿದ್ದರೆ ತಾವೇ ಮತ್ತೆ ಬೀಗ ಹಾಕಿಕೊಳ್ಳುತ್ತವೆ. ಹತ್ತು ಹೆಜ್ಜೆ ದೂರದಿಂದ ಬಟನ್ ಒತ್ತಿ ನೋಡಿ. ಎಂಜಿನ್ನನ್ನು ಕನಿಷ್ಠ ಹತ್ತು ಸಲ ಚಾಲೂ ಮಾಡಿ ನಿಲ್ಲಿಸಿ. ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ. ಮೂಲ ಕೀಯನ್ನು ಅದೇ ಗೊಂಚಲಿಗೆ ಹಾಕಿ ಪರೀಕ್ಷಿಸಬೇಡಿ. ಎರಡು ಚಿಪ್ ಹತ್ತಿರವಿದ್ದರೆ ಒಂದರ ಉತ್ತರದ ಮೇಲೆ ಇನ್ನೊಂದು ಬಿದ್ದು ಕಾರು ಗೊಂದಲಕ್ಕೀಡಾಗಬಹುದು.

ಎಲ್ಲವೂ ಸರಿಯಿದ್ದರೆ ಸ್ಕ್ರೂ ಹಾಕಿ ಮುಚ್ಚಿ. ಸ್ಕ್ರೂ ಇಲ್ಲದ ಕವಚವಾದರೆ ಸೂಜಿಯ ತುದಿಯಲ್ಲಿ ಫೆವಿಕ್ವಿಕ್ ತೆಗೆದುಕೊಂಡು ಮೂರು ನಾಲ್ಕು ಕಡೆ ಚುಕ್ಕೆ ಇಡಿ. ಅಂಚಿನುದ್ದಕ್ಕೂ ಸುರಿದರೆ ಅದು ಹರಿದು ಬಟನ್‌ಗಳನ್ನೇ ಅಂಟಿಸಿಬಿಡುತ್ತದೆ. ಸೆಲ್ಲಿನ ಮುಚ್ಚಳಕ್ಕೆ ಅಂಟು ತಾಗಲೇಬಾರದು.

ಬಳಸುವಾಗ

ಮಡಚುವ ಕೀಯ ಗೂಟ ಇಡಿಯಾದ ಕೀಯಷ್ಟು ಗಟ್ಟಿಯಲ್ಲ. ಸ್ಟೀರಿಂಗ್ ಲಾಕ್ ಬಿಗಿದುಕೊಂಡಿದ್ದಾಗ ಕೀಯನ್ನು ಬಲವಾಗಿ ತಿರುಚಬೇಡಿ; ಒಂದು ಕೈಯಲ್ಲಿ ಸ್ಟೀರಿಂಗನ್ನು ಅತ್ತಿತ್ತ ಅಲ್ಲಾಡಿಸುತ್ತ ಇನ್ನೊಂದರಲ್ಲಿ ಕೀ ತಿರುಗಿಸಿ. ಗೊಂಚಲಿನ ಭಾರ ಕಡಿಮೆ ಮಾಡಿ. ನಾನು ಮನೆಯ ಕೀಲಿಯನ್ನು ಬೇರೆ ಮಾಡಿದ್ದೇನೆ.

ತೆಗೆದ ಹಳೆಯ ಬಟನ್ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒಂದೆರಡು ಗಂಟೆಯಲ್ಲೇ ಒಳಗೆ ಸುಟ್ಟ ಗಾಯವಾಗುತ್ತದೆ; ಹಳೆಯದೆಂದು ಉದಾಸೀನ ಬೇಡ, ಕಾರಿಗೆ ಸಾಲದ ಸೆಲ್ಲಿನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದ ಅನುಮಾನ ಬಂದರೂ ನೇರವಾಗಿ ಆಸ್ಪತ್ರೆಗೆ ಓಡಿ. ಹಳೆಯ ಸೆಲ್ಲಿನ ಎರಡು ಬದಿಗೂ ಅಂಟುಪಟ್ಟಿ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ.

ಹಳೆಯ ಕೀಯ ಕೆತ್ತಿದ ತಲೆ, ಅಲಗು, ನಂಬರಿನ ತಗಡನ್ನು ಒಂದು ಲಕೋಟೆಗೆ ಹಾಕಿ, ಕಾರಿನ ನೋಂದಣಿ ಸಂಖ್ಯೆ ಬರೆದು ವಿಮೆಯ ಕಾಗದಗಳ ಜೊತೆ ಇಡಿ. ಲಕೋಟೆಯನ್ನು ಮಾತ್ರ ಕಾರಿನೊಳಗೆ ಇಡಬೇಡಿ.